ಪ್ರತಿಕ್ರಿಯೆ: ಎರಡೇ ದಿನದಲ್ಲಿ ಕಪ್ಪಾದ ಚಿಗುರು

ನಿಮ್ಮ ದ್ರಾಕ್ಷಿ ತೋಟದಲ್ಲಿ ಎರಡೇ ದಿನದಲ್ಲಿ ಚಿಗುರು ಕಪ್ಪಾಗಿದ್ದು ರೋಗದಿಂದಲ್ಲ, ಇದು ಫ್ರಾಸ್ಟ್ (ನೀರು ಹೆಪ್ಪುಗಟ್ಟಿಸುವ ಚಳಿ) ಹೊಡೆತ. ತಗ್ಗಿನ ಸಾಲುಗಳಲ್ಲೇ ಚಿಗುರು ಕಪ್ಪಾಗಿದೆ ಅಂದಿದ್ದೀರಿ. ತಣ್ಣನೆಯ ಗಾಳಿ ನೀರಿನಂತೆ ಹರಿದು ಅಲ್ಲೇ ನಿಲ್ಲುತ್ತದೆ. ಎಲೆ ಬಿಚ್ಚಿದ ಚಿಗುರು ಸಾಯಲು ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೂ ಸಾಕು.

ಈಗಲೇ ಕತ್ತರಿ ಹಿಡಿಯಬೇಡಿ. 10–14 ದಿನ ಕಾಯಿರಿ. ಕಡ್ಡಿಯ ಪ್ರತಿ ಕಣ್ಣಿನೊಳಗೆ (ಚಿಗುರು ಒಡೆಯುವ ಜಾಗ) ಮುಖ್ಯ ಮೊಗ್ಗಿನ ಜೊತೆ ಎರಡು ಮೀಸಲು ಮೊಗ್ಗುಗಳಿರುತ್ತವೆ. ಚಿಗುರು ಬುಡದವರೆಗೂ ಸತ್ತಿದ್ದರೆ ಅವು ಹೊರಡುತ್ತವೆ, ಗೊಂಚಲು ಮಾತ್ರ ಕಡಿಮೆ. ತುದಿಯಷ್ಟೇ ಸುಟ್ಟಿದ್ದು ಗೊಂಚಲು ಹಸಿರಾಗಿದ್ದರೆ ಹಾಗೇ ಬಿಡಿ. ಅರ್ಧ ಸತ್ತ ಚಿಗುರನ್ನು ಮುರಿದರೆ ಲಾಭವೋ ನಷ್ಟವೋ, ಖಚಿತವಾಗಿ ಹೇಳಲಾಗದು. ಒಂದು ಸಾಲಿನಲ್ಲಷ್ಟೇ ಮುರಿದು ನೋಡಿ. ಆಮೇಲೆ ಪೊದೆಯಂತೆ ಬೆಳೆದರೆ ತೆಳುಗೊಳಿಸಿ, ಮುಂದಿನ ವರ್ಷದ ಚಾಟ್ನಿಗೆ (ಕಡ್ಡಿ ಕತ್ತರಿಸುವ ಕೆಲಸ) ಬೇಕಾದ ಗಟ್ಟಿ ಕಡ್ಡಿಗಳನ್ನು ಉಳಿಸಿಕೊಳ್ಳಿ. ಫಸಲು ಕಡಿಮೆಯಾದ ವರ್ಷ ಸಾರಜನಕ ಹಾಕಬೇಡಿ, ಬೂದಿ ರೋಗದ ಸಿಂಪಡಣೆ ನಿಲ್ಲಿಸಬೇಡಿ.

ಫ್ರಾಸ್ಟ್ ಕಾಲ ಮುಗಿಯುವವರೆಗೆ ಸಾಲಿನ ಮಧ್ಯದ ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಮಣ್ಣು ಒಣಗಲು ಬಿಡಬೇಡಿ. ತೇವದ ಮಣ್ಣು ಹಗಲಿನ ಬಿಸಿಯನ್ನು ರಾತ್ರಿ ಬಿಡುತ್ತದೆ. ಸ್ಪ್ರಿಂಕ್ಲರ್ ಇದ್ದರೆ ಉಷ್ಣಾಂಶ ಸೊನ್ನೆಗೆ ಇಳಿಯುವ ಮುಂಚೆಯೇ ಶುರುಮಾಡಿ, ಬೆಳಿಗ್ಗೆ ಮಂಜುಗಡ್ಡೆ ಕರಗುವವರೆಗೂ ಓಡಲಿ. ನಡುವೆ ನಿಂತರೆ ನೀರು ಆವಿಯಾಗುತ್ತಾ ಚಿಗುರನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಪಂಪ್ ನಂಬಿಕಸ್ತವಲ್ಲದಿದ್ದರೆ ಆ ಕೆಲಸಕ್ಕೇ ಕೈಹಾಕದಿರುವುದು ಮೇಲು.

ಮುಂದಿನ ಚಳಿಗಾಲದಲ್ಲಿ ತಗ್ಗಿನ ಸಾಲುಗಳಿಗೆ ಎರಡು ಹಂತದ ಚಾಟ್ನಿ ಮಾಡಿ. ಮೊದಲು ಕಡ್ಡಿಗಳನ್ನು ಉದ್ದಕ್ಕೇ ಬಿಡಿ; ತುದಿಯ ಕಣ್ಣುಗಳು ಮೊದಲು ಒಡೆದು ಬುಡದ ಕಣ್ಣುಗಳು ಬೇಗ ಒಡೆಯದಂತೆ ತಡೆಯುತ್ತವೆ, ಹಾಗಾಗಿ ಅವು ಫ್ರಾಸ್ಟ್‌ಗೆ ಸಿಗುವುದು ಕಡಿಮೆ. ತುದಿಯಲ್ಲಿ ಎರಡು-ಮೂರು ಎಲೆ ಬಿಚ್ಚಿದಾಗ ಬುಡದ ಎರಡು ಕಣ್ಣು ಉಳಿಯುವಂತೆ ಕತ್ತರಿಸಿ.