ಕೆಪಿ 5 ಇತ್ತು, ಮೇಲೆ ಮೋಡವೂ ಇತ್ತು

ಹಾಸನದಿಂದ ಅಪ್ಪ ಅಮ್ಮನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ನಾರ್ವೆಯ ಟ್ರೋಮ್ಸೋಗೆ ಮೂರು ರಾತ್ರಿ, ನಾರ್ದರ್ನ್ ಲೈಟ್ಸ್, ಅಂದರೆ ಅರೋರಾ ಅನ್ನುವ ಆಕಾಶದ ಬೆಳಕು ನೋಡಲು. ಆ ಬೆಳಕಿನ ಜೋರು ತೋರಿಸುವ ಅಂಕಿ ಅಂತಾರಲ್ಲ, ಆ ಕೆಪಿ ಇಂಡೆಕ್ಸ್ ಜಾಸ್ತಿ ಇರುವ ರಾತ್ರಿ ನೋಡಿ ಒಂದು ಸ್ಮಾಲ್ ಗ್ರೂಪ್ ಟೂರ್ ಬುಕ್ ಮಾಡಿದರೆ ಸಾಕಾ, ಇಲ್ಲ ಆ ದುಡ್ಡಿಗೆ ಕಾರು ಬಾಡಿಗೆಗೆ ತಗೊಂಡು ನಾವೇ ಹೋಗೋದಾ. ಇಷ್ಟೇ ತಾನೇ ನಿಮ್ಮ ಪ್ರಶ್ನೆ? ಓದಿದಾಗ ಇದನ್ನು ನಾನೇ ಯಾವಾಗಲೋ ಬರೆದು ಮರೆತಿದ್ದೇನಾ ಅನ್ನಿಸಿತು. ಆ ಕೆಪಿ ಅನ್ನುವ ಅಂಕಿ ಇದೆಯಲ್ಲ, ನನ್ನ ಪ್ರವಾಸವನ್ನು ಹಾಳು ಮಾಡಿದ್ದೇ ಅದು.

ನಮ್ಮದು ಚಿಕ್ಕಮಗಳೂರು ಕಡೆ, ಆಲ್ದೂರಿನ ಹತ್ತಿರ ಆರು ಎಕರೆ ಅರೇಬಿಕಾ ಕಾಫಿ ತೋಟ. ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಿಸಿ, ಮೂಟೆ ಕಟ್ಟುವಷ್ಟರಲ್ಲಿ ಜನವರಿ ಮುಗಿದಿರುತ್ತದೆ. ಮಾರ್ಚ್ ಬಂತು ಅಂದರೆ ಹೂಮಳೆಗೆ ಕಾಯುವ ಕೆಲಸ. ನಡುವೆ ಉಸಿರಾಡಲು ಸಿಗುವುದು ಫೆಬ್ರವರಿ ಒಂದೇ. ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ ಹಸಿರು ಆಕಾಶ ಅಮ್ಮನ ತಲೆಯಲ್ಲಿ ಕೂತುಬಿಟ್ಟಿತ್ತು. "ಕಾಶಿಗೆ ಆಮೇಲೆ ಹೋದ್ರಾಯ್ತು, ಮೊದ್ಲು ಇದನ್ನ ತೋರ್ಸು" ಅಂದಳು. ಅವಳಿಗೆ ಆಗ 63. ವೀಸಾ, ಬೆಂಗಳೂರಿಗೆ ಓಡಾಟ, ಥರ್ಮಲ್ ಬಟ್ಟೆ, ಅದೆಲ್ಲ ಎಲ್ಲರಿಗೂ ಇದ್ದದ್ದೇ, ಬಿಡಿ.

ಸೋಮವಾರ ಮಧ್ಯಾಹ್ನ ಟ್ರೋಮ್ಸೋ ತಲುಪುವುದು, ಗುರುವಾರ ಬೆಳಿಗ್ಗೆ ವಾಪಸ್. ನಿಮ್ಮ ಹಾಗೇ ಮೂರು ರಾತ್ರಿ. ಎಂಟು ಜನರ ವ್ಯಾನ್ ಟೂರ್ ಒಂದನ್ನು ಬುಧವಾರ ರಾತ್ರಿಗೆ ಎರಡು ತಿಂಗಳ ಮುಂಚೆಯೇ ಬುಕ್ ಮಾಡಿದ್ದೆ. ಸೋಮವಾರ ಪ್ರಯಾಣದ ಸುಸ್ತು, ಮಂಗಳವಾರ ಊರು ಸುತ್ತೋಣ, ಬುಧವಾರ ದೊಡ್ಡ ಪೂಜೆ. ಇದು ನನ್ನ ಲೆಕ್ಕ.

ಸೋಮವಾರ ಸಂಜೆ ಹೋಟೆಲ್ ಕೋಣೆಯಲ್ಲಿ ಕೂತು ಒಂದು ಅರೋರಾ ಆ್ಯಪ್ ತೆಗೆದೆ. ಮಂಗಳವಾರ ಕೆಪಿ 5, ಕೆಂಪು ಬಣ್ಣದಲ್ಲಿ. ಬುಧವಾರ ಕೆಪಿ 2, ಸಪ್ಪೆ ಹಸಿರು. ಎದೆ ಧಸಕ್ಕೆಂದಿತು. ತಕ್ಷಣ ಟೂರ್‌ನವರಿಗೆ ಮೇಲ್ ಹಾಕಿದೆ, ನಮ್ಮ ಎರಡು ಸೀಟನ್ನು ಮಂಗಳವಾರಕ್ಕೆ ಬದಲಾಯಿಸಿ ಅಂತ. ಆಫೀಸಿನ ಹುಡುಗಿ ತುಂಬಾ ಮರ್ಯಾದೆಯಿಂದ ಬರೆದಳು: ಮಂಗಳವಾರ ಎರಡು ಸೀಟು ಇದೆ, ಆದರೆ ಮೋಡದ ಮುನ್ಸೂಚನೆ ಚೆನ್ನಾಗಿಲ್ಲ, ಬುಧವಾರವೇ ಇಟ್ಟುಕೊಳ್ಳುವುದು ಒಳ್ಳೆಯದು. ನಾನು ಸುಮ್ನೆ ಇರಬೇಕಲ್ವಾ? ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. 69 ಡಿಗ್ರಿ ಉತ್ತರದಲ್ಲಿ ಕೂತು ದಿನಾ ರಾತ್ರಿ ಇದೇ ಕೆಲಸ ಮಾಡುವವರಿಗೆ ಚಿಕ್ಕಮಗಳೂರಿನವನ ಪಾಠ. ಬದಲಾವಣೆಯ ಚಾರ್ಜ್ ಬೇರೆ ಕಟ್ಟಿದೆ.

ಮಂಗಳವಾರ ಬೆಳಿಗ್ಗೆ ಅಮ್ಮ ಕಿಟಕಿ ಪರದೆ ಸರಿಸಿ ಒಂದು ನಿಮಿಷ ನೋಡಿದಳು. "ಇವತ್ತು ಹರಡೋ ದಿನ ಅಲ್ಲ ಕಣೋ" ಅಂದಳು.

ಕಣದಲ್ಲಿ ಕಾಫಿ ಹರಡುವ ಮೊದಲು ದಿನಾ ಅವಳು ಹೇಳುವ ಮಾತು ಅದು. ನಲವತ್ತು ವರ್ಷದಿಂದ ಮುಳ್ಳಯ್ಯನಗಿರಿ ಕಡೆ ನೋಡಿಯೇ ಹರಡಬೇಕಾ, ಟಾರ್ಪಾಲು ಮುಚ್ಚಬೇಕಾ ಅಂತ ತೀರ್ಮಾನ ಮಾಡುವವಳು. ನಾನು ಫೋನ್ ಎತ್ತಿ 5 ಅನ್ನುವ ಅಂಕಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಅದನ್ನು ನೋಡಿ, ಮತ್ತೆ ಕಿಟಕಿ ಕಡೆ ನೋಡಿ, ಏನೂ ಹೇಳಲಿಲ್ಲ.

ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ. ಕೆಪಿ ಅಂದರೆ ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡುತ್ತಿದೆ ಅನ್ನುವ ಲೆಕ್ಕ. ಮೂರು ಗಂಟೆಗೊಮ್ಮೆ ಇಡೀ ಭೂಮಿಗೆ ಸೇರಿಸಿ ಒಂದೇ ಅಂಕಿ, 0ಯಿಂದ 9ರವರೆಗೆ. ನಾರ್ದರ್ನ್ ಲೈಟ್ಸ್ ಧ್ರುವದ ಸುತ್ತ ಬಳೆ ತೊಡಿಸಿದ ಹಾಗೆ ಇರುತ್ತದೆ. ಕೆಪಿ ಏರಿದಷ್ಟೂ ಬಳೆ ಅಗಲವಾಗಿ ದಕ್ಷಿಣಕ್ಕೆ ಇಳಿಯುತ್ತದೆ. 2024ರ ಮೇ ತಿಂಗಳಲ್ಲಿ ಎಂಥ ಸೌರ ಬಿರುಗಾಳಿ ಬಂತೆಂದರೆ ನಮ್ಮ ಲಡಾಖ್‌ನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿದ್ದನ್ನು ಕ್ಯಾಮೆರಾ ಹಿಡಿದಿತ್ತು. ಹಾನ್ಲೆಯಲ್ಲಿ ಕೂತವನಿಗೆ ಕೆಪಿ ಬೇಕು. ಟ್ರೋಮ್ಸೋ ಇರುವುದೇ ಬಳೆಯ ಕೆಳಗೆ. ಅಲ್ಲಿ 1 ಇರಲಿ, 2 ಇರಲಿ, ಆಕಾಶ ಬಿಚ್ಚಿಕೊಂಡಿದ್ದರೆ ಕಾಣುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಆ ಹಸಿರು ಬೆಳಕು ಹೊಳೆಯುವುದು ಸುಮಾರು 100 ಕಿಲೋಮೀಟರ್ ಎತ್ತರದಿಂದ ಮೇಲಕ್ಕೆ. ಮೋಡ ಇರುವುದು ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಚಿಕ್ಕಮಗಳೂರಿನಿಂದ ನಿಮ್ಮ ಹಾಸನಕ್ಕೆ 60 ಕಿಲೋಮೀಟರ್. ಅದಕ್ಕಿಂತ ದೂರ, ನೆಟ್ಟಗೆ ಮೇಲೆ, ದೀಪ ಹಚ್ಚಿದ್ದಾರೆ. ನಮ್ಮ ತಲೆಯ ಮೇಲೆ ಕಂಬಳಿ ಹೊದಿಸಿದೆ. ದೀಪ ಎಷ್ಟು ದೊಡ್ಡದಾದರೇನು? ಕೆಪಿ ದೀಪದ ಮಾತಾಡುತ್ತದೆ, ಕಂಬಳಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆ್ಯಪ್ ಸುಳ್ಳು ಹೇಳಲಿಲ್ಲ. ಆ ರಾತ್ರಿ ಕೆಪಿ ನಿಜವಾಗಿಯೂ 5 ಮುಟ್ಟಿತು. ನಾನು ಕೇಳಿದ ಪ್ರಶ್ನೆಯೇ ತಪ್ಪು.

ಟೂರ್ ವಿಷಯಕ್ಕೆ ಬರೋಣ. ಸಂಜೆ ಆರಕ್ಕೆ ಹೊರಟೆವು. ಗೈಡೇ ಡ್ರೈವರ್. ವ್ಯಾನ್ ಹತ್ತುವ ಮೊದಲೇ ಹೇಳಿಬಿಟ್ಟ, ಇವತ್ತು ಕಷ್ಟ, ಆದರೂ ಒಳನಾಡಿನ ಕಡೆ ಓಡಿಸಿ ನೋಡ್ತೀನಿ ಅಂತ. ಕರಾವಳಿಯಿಂದ ದೂರ ಹೋದಷ್ಟೂ ಮೋಡ ಕಡಿಮೆ. ನಮ್ಮಲ್ಲಿ ಘಟ್ಟ ದಾಟಿ ಕಡೂರು ಕಡೆ ಹೋದರೆ ಮಳೆ ಕಡಿಮೆ ಆಗುತ್ತದಲ್ಲ, ಅದೇ ಲೆಕ್ಕ. ಸ್ಕಿಬೋಟ್ನ್ ಅನ್ನುವ ಕಣಿವೆ ಬೆಟ್ಟಗಳ ಮರೆಯಲ್ಲಿದೆ, ಅಲ್ಲಿ ಎಷ್ಟೋ ಸಲ ತೆರಪು ಸಿಗುತ್ತದಂತೆ. ದಾರಿಯುದ್ದಕ್ಕೂ ಬೇರೆ ಗೈಡ್‌ಗಳಿಗೆ ಫೋನ್ ಮಾಡುತ್ತಲೇ ಇದ್ದ. ಸ್ಕಿಬೋಟ್ನ್‌ನಲ್ಲೂ ಮೋಡ. ಫಿನ್‌ಲ್ಯಾಂಡ್ ಗಡಿ ದಾಟಿದೆವು, ಅಲ್ಲಿ ಹಿಮ ಬೀಳುತ್ತಿತ್ತು. ಬೆಂಕಿ ಹಾಕಿ ಕೂರಿಸಿದ. ಬಿಸಿನೀರು ಸುರಿದರೆ ಊಟವಾಗುವ ಪ್ಯಾಕೆಟ್ ಕೊಟ್ಟ. ವೆಜ್ ಅಂತ ಮೊದಲೇ ಬರೆದಿದ್ದರಿಂದ ಬಚಾವ್, ಉಳಿದವರದ್ದೆಲ್ಲ ಮೀನು, ಹಿಮಸಾರಂಗ. ಅಮ್ಮ ಅವನ ಫ್ಲಾಸ್ಕಿನ ಕಾಫಿ ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ, "ಇದು ಕಾಫಿಯೋ, ಲೋಟ ತೊಳೆದ ನೀರೋ" ಅಂದಳು.

ಕಾಯುವಾಗ ಆ ಗೈಡ್ ಹುಡುಗ ಪರ್ಸಿನಿಂದ ನಾರ್ವೆಯ ಹಳೆಯ 200 ಕ್ರೋನರ್ ನೋಟು ತೆಗೆದ. ಈಗ ಚಲಾವಣೆಯಲ್ಲಿ ಇಲ್ಲ, ತೋರಿಸುವುದಕ್ಕೇ ಇಟ್ಟುಕೊಂಡಿದ್ದನಂತೆ. ಮೂಲೆ ಸವೆದು ಬಟ್ಟೆಯ ಹಾಗಾಗಿತ್ತು. ಅದರ ಮೇಲಿದ್ದದ್ದು ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಅನ್ನುವ ವಿಜ್ಞಾನಿ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಯಸ್ಕಾಂತ ತುಂಬಿದ ಒಂದು ಗೋಳ ಇಟ್ಟು, ಅದಕ್ಕೆ ಎಲೆಕ್ಟ್ರಾನ್ ಹಾಯಿಸಿ, ಗೋಳದ ಧ್ರುವಗಳ ಸುತ್ತ ಬೆಳಕು ಹೊತ್ತಿಸಿ ತೋರಿಸಿದವನು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಅಮ್ಮ ನೋಟನ್ನು ಎರಡೂ ಕಡೆ ತಿರುಗಿಸಿ ನೋಡಿ, ಜೋಪಾನವಾಗಿ ವಾಪಸ್ ಕೊಟ್ಟಳು. ಆ ರಾತ್ರಿ ನಾವು ನೋಡಿದ ಅರೋರಾ ಅಷ್ಟೇ. ಹೋಟೆಲ್ ಸೇರಿದಾಗ ಎರಡೂವರೆ.

ಬುಧವಾರ ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟ ಹಾಗಿತ್ತು. ಓಡಿ ಫೋನ್ ಮಾಡಿದೆ. ನಾವು ಬಿಟ್ಟ ಎರಡು ಸೀಟು ಹಿಂದಿನ ದಿನವೇ ಹೋಗಿತ್ತು. ಸಣ್ಣ ಗುಂಪು ಅಂದರೆ ಎಂಟೇ ಸೀಟು, ಇನ್ನೊಂದು ಸ್ಟೂಲ್ ಹಾಕಿ ಕೂರಿಸಲು ಅದೇನು ನಮ್ಮ ಆಲ್ದೂರು ಬಸ್ಸಾ? ಇನ್ನೂ ನಾಲ್ಕು ಕಡೆ ಕೇಳಿದೆ. ಎಲ್ಲೂ ಇಲ್ಲ. ಆ ರಾತ್ರಿ ಕೆಪಿ 2ರಲ್ಲಿ, ನಾವು ಬಿಟ್ಟ ಅದೇ ವ್ಯಾನಿನವರು ತಲೆ ಮೇಲೆ ಪರದೆ ಬೀಸಿದ ಹಾಗೆ ನೋಡಿದರು. ಮರುದಿನ ತಿಂಡಿ ಹೊತ್ತಿನಲ್ಲಿ ಪಕ್ಕದ ಟೇಬಲ್‌ನ ದಂಪತಿ ಫೋಟೋ ತೋರಿಸಿದ್ದು. ನಮ್ಮ ಸೀಟಿನಲ್ಲಿ ಕೂತವರು ಅವರೇ ಇರಬೇಕು ಅಂತ ನನಗೆ ಇವತ್ತಿಗೂ ಅನುಮಾನ.

ಹಾಗಾಗಿ ನನ್ನ ಅಭಿಪ್ರಾಯ ಇದು, ಖಾರವಾಗಿದ್ದರೆ ಕ್ಷಮಿಸಿ. ಟೂರಾ ಕಾರಾ ಅನ್ನುವುದು ನಿಮ್ಮ ಪ್ರಶ್ನೆಯೇ ಅಲ್ಲ. ಎಷ್ಟು ರಾತ್ರಿ ಅನ್ನುವುದು ಪ್ರಶ್ನೆ. ಮೂರು ರಾತ್ರಿಯಲ್ಲಿ ಒಂದನ್ನು ಆರಿಸುವುದು ಜೂಜು. ಐದು ರಾತ್ರಿ ಇರಿ. ಸ್ಮಾಲ್ ಗ್ರೂಪ್ ಟೂರನ್ನು ಮೊದಲ ರಾತ್ರಿಗೇ ಬುಕ್ ಮಾಡಿ, ಸುಸ್ತಾಗಿದ್ದರೂ ಪರವಾಗಿಲ್ಲ, ವ್ಯಾನಿನಲ್ಲಿ ನಿದ್ದೆ ಮಾಡಿ. ಕೆಲವು ಕಂಪನಿಗಳು ಅರೋರಾ ಕಾಣದಿದ್ದರೆ ಎರಡನೇ ಸಲಕ್ಕೆ ರಿಯಾಯಿತಿ ಕೊಡುತ್ತವೆ. ಕೊನೆಯ ರಾತ್ರಿ ಹೋದವನಿಗೆ ಆ ರಿಯಾಯಿತಿ ಯಾತಕ್ಕೆ? ಬುಕ್ ಮಾಡುವಾಗಲೇ ಇದನ್ನು ಬರೆದು ಕೇಳಿ. ಕೆಪಿ ಆ್ಯಪ್ ಅಳಿಸಿಹಾಕಿ, ಯರ್ ಅಂತ ನಾರ್ವೆಯವರದ್ದೇ ಹವಾಮಾನ ಆ್ಯಪ್ ಇದೆ, ಅದರಲ್ಲಿ ಮೋಡ ನೋಡಿ. ಅದಕ್ಕಿಂತ ಮುಖ್ಯ, ಟೂರ್ ಆಫೀಸಿನವರು ಬೇಡ ಅಂದರೆ ಬೇಡ.

ದುಡ್ಡು? ನಾನು ಬುಕ್ ಮಾಡಿದಾಗ ದೊಡ್ಡ ಬಸ್ಸಿನದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ಇತ್ತು. ಏನೂ ಕಾಣದೆ ಬಂದ ನಾನೇ ಹೇಳುತ್ತೇನೆ, ಕೊಡಿ. ದೊಡ್ಡ ಬಸ್ಸು ಸಣ್ಣ ದಾರಿಗೆ ತಿರುಗುವುದಿಲ್ಲ, ನಲವತ್ತು ಜನ ಇಳಿದು ಹತ್ತುವಷ್ಟರಲ್ಲಿ ಆಟ ಮುಗಿದಿರುತ್ತದೆ. ಒಂದು ವಿಷಯ ಮಾತ್ರ ಕೇಳಿಕೊಳ್ಳಿ: ದಾರಿಯಲ್ಲಿ ಟಾಯ್ಲೆಟ್ ಎಲ್ಲಿ, ಎಷ್ಟು ಸಲ. ವಯಸ್ಸಾದವರ ಜೊತೆ ಏಳೆಂಟು ಗಂಟೆ ಹಿಮದಲ್ಲಿ ಇರುವಾಗ ಅರೋರಾಗಿಂತ ಅದೇ ದೊಡ್ಡ ಚಿಂತೆ.

ಕಾರಂತೂ ಬೇಡವೇ ಬೇಡ. ಶಿರಾಡಿಯಲ್ಲಿ ಮಳೆಗಾಲದಲ್ಲಿ ಓಡಿಸಿದ್ದೇನೆ ಅಂತ ಬರೆದಿದ್ದೀರಿ. ನಾನು ಚಾರ್ಮಾಡಿಯಲ್ಲಿ ಓಡಿಸಿದ್ದೇನೆ. ಅದು ನೀರು, ಇದು ಗಾಜಿನಂಥ ಮಂಜುಗಡ್ಡೆ. ರಸ್ತೆಯ ಬಲಗಡೆ ಓಡಿಸಬೇಕು, ಕತ್ತಲು, ಎದುರಿಗೆ ಕಡವೆಗಿಂತ ದೊಡ್ಡ ಮೂಸ್ ಬರಬಹುದು. ಮೇಲೆ ಆಕಾಶ ನೋಡುತ್ತಾ ಓಡಿಸುತ್ತೀರಾ?

ಬುಧವಾರ ರಾತ್ರಿ ನಾವು ಏನು ಮಾಡಿದೆವು ಅಂತ ಹೇಳಲಿಲ್ಲ ಅಲ್ವಾ. ಊರೊಳಗೇ ಗುಡ್ಡದ ಮೇಲೆ ಪ್ರೆಸ್ಟ್‌ವಾನೆಟ್ ಅಂತ ಒಂದು ಕೆರೆ ಇದೆ. ಬೀದಿದೀಪ ಸ್ವಲ್ಪ ಕಡಿಮೆ. ಅಲ್ಲಿಗೆ ಹೋಗಿ ನಿಂತೆವು. ಒಂದು ಗಂಟೆಯಾದ ಮೇಲೆ ಬೆಟ್ಟದ ಮೇಲೆ ಬೂದು ಬಣ್ಣದ ಒಂದು ಗೆರೆ ಕಂಡಿತು. ಅಮ್ಮ ಬೆರಳು ತೋರಿಸಿದಳು. ನಾನು "ಮೋಡ" ಅಂದೆ. "ಮೋಡ ನಾನು ನೋಡಿಲ್ವಾ" ಅಂದಳು. ಫೋನಿನ ನೈಟ್ ಮೋಡ್‌ನಲ್ಲಿ ತೆಗೆದರೆ ಗೆರೆ ಹಸಿರು. ಮಂದ ಇದ್ದಾಗ ಕಣ್ಣಿಗೆ ಬಣ್ಣ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಆಮೇಲೆ ಐದಾರು ನಿಮಿಷ ಅದು ಕಣ್ಣಿಗೂ ಹಸಿರಾಗಿ, ಕೆಳ ಅಂಚು ನಡುಗಿ, ಆರಿಹೋಯಿತು. ಅಮ್ಮ ಮಂಕಿ ಕ್ಯಾಪ್ ಕಿವಿಯಿಂದ ಮೇಲೆತ್ತಿಕೊಂಡು ನಿಂತಿದ್ದಳು, ಶಬ್ದ ಬರುತ್ತೇನೋ ಅಂತ.

ವಾಪಸ್ ಇಳಿಯುವಾಗ ನಾನು ಎರಡು ಸಲ ಜಾರಿ ಬಿದ್ದೆ, ಅವಳು ಒಂದು ಸಲವೂ ಇಲ್ಲ. ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ರಬ್ಬರ್ ಪಟ್ಟಿ ಅವಳಿಗೆ ಮಾತ್ರ ಕೊಡಿಸಿದ್ದೆ. ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ನೀವು ಮೂರು ಜೊತೆ ತಗೊಳ್ಳಿ.