ಮುಂಬೈಯಲ್ಲೇ ತಯಾರಾದ ಕಾರ್-ಟಿ ಚಿಕಿತ್ಸೆ ಎಲ್ಲ ರಕ್ತದ ಕ್ಯಾನ್ಸರಿಗೂ ಆಗುತ್ತದೆಯೇ?

ಇಲ್ಲ. ಆದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡಿಗರಲ್ಲೂ ಅನೇಕರು ಎಲ್ಲಕ್ಕೂ ಆಗುತ್ತದೆ ಎಂದುಕೊಂಡಿದ್ದಾರೆ. ಐಐಟಿ ಬಾಂಬೆಯ ರಾಹುಲ್ ಪುರವಾರ್ ಅವರ ತಂಡ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರ ಜೊತೆ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಈ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ದೊಡ್ಡ ಕೆಲಸವದು.

ರೋಗಿಯ ರಕ್ತದಿಂದಲೇ ಟಿ-ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಬೇರ್ಪಡಿಸಿ, ನಿರುಪದ್ರವಿ ಮಾಡಿದ ವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಆಮೇಲೆ ಲ್ಯಾಬಿನಲ್ಲಿ ಅವುಗಳ ಸಂಖ್ಯೆ ಹೆಚ್ಚಿಸಿ ಡ್ರಿಪ್‌ನಲ್ಲಿ ವಾಪಸ್ ಕೊಡುತ್ತಾರೆ. ಅವು ಬಿ-ಕೋಶಗಳ (ಸೋಂಕು ತಡೆಯುವ ಪ್ರತಿಕಾಯ ತಯಾರಿಸುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು) ಮೇಲಿರುವ ಸಿಡಿ19 ಪ್ರೋಟೀನನ್ನು ಗುರುತು ಹಿಡಿದು ಆ ಕೋಶಗಳನ್ನು ಕೊಲ್ಲುತ್ತವೆ. ಆರೋಗ್ಯವಂತ ಬಿ-ಕೋಶಗಳೂ ಸಾಯುತ್ತವೆ, ಹಾಗಾಗಿ ಸೋಂಕಿನ ಭಯ ಇದ್ದೇ ಇರುತ್ತದೆ. ಜ್ವರ ಬರುವುದು, ಬಿಪಿ ಇಳಿಯುವುದೂ ಉಂಟು.

ಬಿ-ಕೋಶದ ಲ್ಯುಕೇಮಿಯಾ, ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್‌ಗಳು ಮರುಕಳಿಸಿದ್ದರೆ ಅಥವಾ ಬೇರೆ ಚಿಕಿತ್ಸೆಗೆ ಬಗ್ಗದಿದ್ದರೆ ಮಾತ್ರ ಇದು. ದಯವಿಟ್ಟು ಮೊದಲು ಬಯಾಪ್ಸಿ, ಬೋನ್ ಮ್ಯಾರೋ ರಿಪೋರ್ಟಿನಲ್ಲಿ ಯಾವ ವಿಧವೆಂದು ವೈದ್ಯರನ್ನು ಕೇಳಿ.