ಅಟ್ಟದಿಂದ ಇಳಿದ ಗಿಟಾರ್

ಪ್ರಶ್ನೆ: ಚಿಕ್ಕಪ್ಪನ ಎಲೆಕ್ಟ್ರಿಕ್ ಗಿಟಾರ್ ಹನ್ನೆರಡು ವರ್ಷ ಅಟ್ಟದ ಮೇಲೆ ಗೋಣಿಚೀಲದಲ್ಲಿ ಬಿದ್ದಿತ್ತು. ಸ್ಟ್ರಾಟೋಕ್ಯಾಸ್ಟರ್ ಥರದ್ದು. ತಂತಿಗೆಲ್ಲ ತುಕ್ಕು, ಮೈಯೆಲ್ಲ ಅಂಟು. ಗೆಳೆಯನ ಆಂಪ್‌ಗೆ (ಆಂಪ್ಲಿಫೈಯರ್) ಹಾಕಿ ನಾಬ್ ತಿರುಗಿಸಿದರೆ ಪರಪರ ಸದ್ದು. ಸ್ಪಿರಿಟ್‌ನಿಂದ ಒರೆಸಿ, ಮರಕ್ಕೆ ಕೊಬ್ಬರಿ ಎಣ್ಣೆ ಹಚ್ಚಬಹುದಾ ಸರ್?
– ಒಬ್ಬ ಓದುಗ, ಶಿರಸಿ

ಉತ್ತರ: ತಡೀರಿ, ಬಾಟಲಿ ಕೆಳಗಿಡಿ. ಒರೆಸುವ ಮೊದಲು ಕಿವಿಗೊಟ್ಟು ಕೇಳಿ. ಆಂಪ್‌ನ ವಾಲ್ಯೂಮ್ ಕಡಿಮೆ ಇಟ್ಟು, ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೂರೂ ಪಿಕಪ್‌ಗಳನ್ನು (ತಂತಿಯ ಕೆಳಗೆ ಕೂತು ಅದರ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಪಟ್ಟಿಗಳು) ಒಂದೊಂದಾಗಿ ಮೆಲ್ಲಗೆ ತಟ್ಟಿ, ಸ್ವಿಚ್ ಕೂಡ ಆಯಾ ಪಿಕಪ್‌ಗೆ ಬದಲಿಸುತ್ತಾ ಹೋಗಿ. ಟಕ್ ಟಕ್ ಅಂತ ಕೇಳಿಸಿದರೆ ಪಿಕಪ್‌ಗೆ ಜೀವ ಇದೆ. ಅಷ್ಟಿದ್ದರೆ ಉಳಿದದ್ದು ಒಂದು ಭಾನುವಾರದ ಕೆಲಸ.

ಪರಪರ ಸದ್ದಿಗೆ ಹೆದರಬೇಡಿ, ಅದು ನಾಬ್ ಕೆಳಗಿನ ಪಾಟ್‌ನಲ್ಲಿ (ಸದ್ದು ಹೆಚ್ಚು ಕಡಿಮೆ ಮಾಡುವ ಭಾಗ) ಕೂತ ಧೂಳು. ತಂತಿ ಬಿಚ್ಚಿ, ಪ್ಲಾಸ್ಟಿಕ್ ಪ್ಲೇಟಿನ ಸ್ಕ್ರೂ ತೆಗೆದು ಮೆಲ್ಲಗೆ ಎತ್ತಿ (ಒಳಗಿನ ವೈರು ಕಿತ್ತು ಬರದ ಹಾಗೆ), ಪಾಟ್‌ನ ಪಕ್ಕದ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೂವತ್ತು ಸಲ ತಿರುಗಿಸಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ನಾನು ಒಮ್ಮೆ ಜಾಣತನ ಮಾಡಿ ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಹಾಕಿದ್ದೆ, ಎರಡೇ ತಿಂಗಳಲ್ಲಿ ಸದ್ದು ವಾಪಸ್ ಬಂತು.

ಮೈಗೆ ಸ್ಪಿರಿಟ್ ಬೇಡವೇ ಬೇಡ. ಹಳೆಯ ನೈಟ್ರೋ (ನೈಟ್ರೋಸೆಲ್ಯುಲೋಸ್) ಪಾಲಿಶ್ ಆಗಿದ್ದರೆ ಕರಗಿ ಕಲೆಯಾಗುತ್ತದೆ. ಒಂದು ಹನಿ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ತಕ್ಷಣ ಒಣಬಟ್ಟೆ.

ಕೊಬ್ಬರಿ ಎಣ್ಣೆ ತಲೆಗೆ ಇರಲಿ. ಅದು ಒಣಗುವುದಿಲ್ಲ, ಧೂಳು ಹಿಡಿಯುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ ಅನ್ನೋದು ಶಿರಸಿಯವರಿಗೆ ನಾನು ಹೇಳಬೇಕಾ! ಬೆರಳಿಡುವ ಫ್ರೆಟ್‌ಬೋರ್ಡ್ ಕಂದು ಬಣ್ಣದ್ದಾದರೆ ಬಹುಶಃ ರೋಸ್‌ವುಡ್. ಇಂಡಿಯನ್ ರೋಸ್‌ವುಡ್ ಅಂದರೆ ನಿಮ್ಮ ಕಾಡಿನ ಬೀಟೆಯೇ. ಅದಕ್ಕೆ ಗಿಟಾರ್‌ಗೆಂದೇ ಮಾರುವ ಲೆಮನ್ ಆಯಿಲ್ ನಾಲ್ಕು ಹನಿ ಹಚ್ಚಿ, ಐದು ನಿಮಿಷ ಬಿಟ್ಟು ಪೂರ್ತಿ ಒರೆಸಿಬಿಡಿ. ತಿಳಿ ಹಳದಿಯಾಗಿ ಹೊಳೆಯುತ್ತಿದ್ದರೆ ಮೇಪಲ್, ಅದಕ್ಕೆ ಎಣ್ಣೆ ಬೇಡ.

ಎಣ್ಣೆಗೆ ಮುಂಚೆ ಫ್ರೆಟ್ (ಬೋರ್ಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು) ಉಜ್ಜಿಕೊಳ್ಳಿ. 0000 ನಂಬರಿನ ಸ್ಟೀಲ್ ವೂಲ್ ಸಾಕು, ಪಾತ್ರೆ ಉಜ್ಜುವುದನ್ನು ತರಬೇಡಿ. ಆದರೆ ಪಿಕಪ್ ಅಂದರೆ ಆಯಸ್ಕಾಂತ, ಅಲ್ವಾ? ಟೇಪ್ ಅಂಟಿಸಿ ಮುಚ್ಚದಿದ್ದರೆ ಉದುರಿದ ಕಬ್ಬಿಣದ ಪುಡಿಯೆಲ್ಲ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಒಂದೊಂದೇ ಕೀಳುತ್ತಾ ಕೂರಬೇಕು.

ಹೊಸ ತಂತಿ 9-42 ಸೆಟ್ (ತೆಳ್ಳಗಿನ ತಂತಿ 0.009 ಇಂಚು, ದಪ್ಪದ್ದು 0.042 ಇಂಚು) ಹಾಕಿ, ಎರಡು ದಿನ ಶ್ರುತಿಯಲ್ಲೇ ಬಿಡಿ. ಆಮೇಲೆ ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ನೆಕ್ (ಗಿಟಾರಿನ ಕತ್ತು) ಮೈಗೆ ಸೇರುವಲ್ಲೂ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ವಿಸಿಟಿಂಗ್ ಕಾರ್ಡಿನಷ್ಟು ಸಂದಿ ಇದ್ದರೆ ನೆಕ್ ಸರಿಯಿದೆ, ಸುಮ್ನೆ ಬಿಟ್ಟುಬಿಡಿ. ತುಂಬಾ ಜಾಸ್ತಿ ಇದ್ದರೆ ಟ್ರಸ್ ರಾಡನ್ನು (ನೆಕ್ ಒಳಗಿದ್ದು ಅದರ ಬಾಗು ಸರಿಮಾಡುವ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಬಿಗಿ ಮಾಡಿ. ಬಿಗಿಯಾಗಿ ನಿಂತರೆ ಬಲ ಹಾಕದೆ ರಿಪೇರಿಯವರಿಗೆ ಕೊಡಿ.

ಪ್ರಶ್ನೆ: ತಂತಿ ಮುಟ್ಟಿದರೆ ಗಿಟಾರ್‌ನ ಗುಂಯ್ ಸದ್ದು ಕಡಿಮೆಯಾಗುತ್ತದೆ. ಶಾಕ್ ಹೊಡೆಯುತ್ತಾ?
– ಓದುಗಿ, ಹಾಸನ

ಉತ್ತರ: ಸದ್ದು ತಗ್ಗುವುದು ಮಾಮೂಲು, ತಂತಿಗಳು ಬ್ರಿಡ್ಜ್ (ಮೈ ಮೇಲೆ ತಂತಿ ಕೂರುವ ಲೋಹದ ಭಾಗ) ಮೂಲಕ ಗ್ರೌಂಡ್ ಆಗಿರುತ್ತವೆ. ಕೈಗೆ ಜುಮ್ ಅಂದರೆ ಮಾತ್ರ ಪ್ಲಗ್ ಕಿತ್ತು, ಮನೆಯ ಅರ್ಥಿಂಗ್ ಮತ್ತು ಆಂಪ್ ಎರಡನ್ನೂ ತೋರಿಸಿ. ಆಂಪನ್ನು ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.